ಹೊಂಗೆ ಎಲೆ ಉದುರಿತಾ? ಹಾಗಾದರೆ ಚೀಲಕ್ಕೆ ಮಣ್ಣು ತುಂಬಿ

ಫೆಬ್ರವರಿ ಬಂತೆಂದರೆ ನಮ್ಮ ಮನೆ ಮುಂದಿನ ಹೊಂಗೆ ಮರ ಒಂದೇ ಸಮನೆ ಎಲೆ ಉದುರಿಸುತ್ತದೆ. ಬೆಳಿಗ್ಗೆ ಗುಡಿಸಿ, ರಂಗೋಲಿ ಹಾಕಿ, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ರಂಗೋಲಿ ಮೇಲೆ ಮತ್ತೆ ಹತ್ತು ಎಲೆ. ಎದುರು ಮನೆ ಅಜ್ಜಿ ಪ್ರತಿ ವರ್ಷ ತಪ್ಪದೆ "ಈ ಮರ ಕಡಿಸ್ರಪ್ಪಾ" ಅನ್ನುತ್ತಾರೆ. ನನಗೆ ಮಾತ್ರ ಆ ಎಲೆ ಕಂಡರೆ ಕೈ ಸುಮ್ನೆ ಇರುವುದಿಲ್ಲ. ತಾರಸಿಗೆ ಹೋಗಿ ಹಳೇ ಚೀಲಗಳನ್ನೆಲ್ಲ ಕೊಡವಿ ನೋಡಲು ಶುರು ಮಾಡುತ್ತೇನೆ.

ಮೊದಲ ವರ್ಷ ನಾನು ಇದನ್ನೆಲ್ಲ ತಿಳಿದು ಮಾಡಿದ್ದಲ್ಲ. ಯಾವುದೋ ವಿದೇಶಿ ವಿಡಿಯೋ ನೋಡಿ, "ವಸಂತ ಬಂದ ಮೇಲೆ, ಹಿಮ ಬೀಳುವುದು ಪೂರ್ತಿ ನಿಂತ ಮೇಲೆ ಸಸಿ ಹೊರಗಿಡಿ" ಅಂತ ಹೇಳಿದ್ದನ್ನು ನಂಬಿ ಏಪ್ರಿಲ್‌ನಲ್ಲಿ ಆರಾಮಾಗಿ ಟೊಮೆಟೊ ಸಸಿ ನೆಟ್ಟೆ. ಮೇ ಮೊದಲ ವಾರಕ್ಕೆ ಎಲ್ಲ ಹಪ್ಪಳ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕನ ಮಗಳಿಗೆ ಆ ಲೆಕ್ಕ ಸರಿ, ಅವಳು ಮಾರ್ಚ್‌ನಲ್ಲಿ ಕಿಟಕಿ ಹತ್ತಿರ ಬೀಜ ಹಾಕಿಕೊಂಡು ಮೇ ಮಧ್ಯದವರೆಗೆ ಕಾಯುತ್ತಾಳೆ. ನಮಗೆ ಅದು ಹೊಂದುವುದಿಲ್ಲ. ನಮ್ಮ ಗಿಡಗಳ ಶತ್ರು ಚಳಿಯಲ್ಲ, ಬಿಸಿಲು. ಬೆಂಗಳೂರು, ಮೈಸೂರು, ತುಮಕೂರು ಕಡೆಯವರಿಗೆ ವಸಂತ ಅಂದರೆ ಬೇಸಿಗೆ ಬರುವ ಮುಂಚೆ ಸಿಗುವ ಐದಾರು ವಾರದ ಅವಕಾಶ ಅಷ್ಟೆ. ಅಷ್ಟರೊಳಗೆ ಗಿಡ ಬೇರು ಬಿಟ್ಟರೆ ಗೆದ್ದಿರಿ. ಈ ಲೇಖನದಲ್ಲಿ ನಾನು ಹೇಳುವುದು ತಾರಸಿಯ ತರಕಾರಿ ತೋಟಕ್ಕೆ ಆ ಐದಾರು ವಾರದಲ್ಲಿ ಮಾಡುವ ಕೆಲಸವನ್ನೇ.

1. ಮೊದಲು ಮರ ನೋಡಿ, ಆಮೇಲೆ ಕ್ಯಾಲೆಂಡರ್

ಶಿವರಾತ್ರಿಗೆ ಚಳಿ "ಶಿವಶಿವಾ" ಅಂತ ಓಡಿಹೋಗುತ್ತದೆ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆದರೆ ಬರೀ ಹಬ್ಬ ನಂಬಿ ಬೀಜ ಹಾಕಿದರೆ ಮೋಸ ಹೋಗುತ್ತೀರಿ. 2024ರಲ್ಲಿ ಯುಗಾದಿ ಬಂದಿದ್ದು ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಮೂರು ವಾರದ ವ್ಯತ್ಯಾಸ! ಬೆಂಡೆ ಗಿಡಕ್ಕೆ ಮೂರು ವಾರ ಅಂದರೆ ಅರ್ಧ ಬಾಲ್ಯ. ಮರ ಪಂಚಾಂಗ ನೋಡುವುದಿಲ್ಲ, ಹವಾ ನೋಡುತ್ತದೆ.

ನಾನು ನೋಡುವ ಗುರುತುಗಳು ಇವು. ಮಾವಿನ ಮರದಲ್ಲಿ ಹೂವು ತುಂಬಿ ಹತ್ತಿರ ಹೋದರೆ ಜೇನಿನಂಥ ವಾಸನೆ ಬರಬೇಕು. ಬೂರುಗದ ಮರದಲ್ಲಿ ಒಂದೂ ಎಲೆ ಇಲ್ಲದೆ ಕೆಂಪು ಹೂವು ಬಿಟ್ಟಿರಬೇಕು, ಅದರಲ್ಲಿ ಕಾಗೆ, ಮೈನಾಗಳ ಗಲಾಟೆ ಇರಬೇಕು. ಊರ ಹೊರಗೆ ಬಸ್ಸಿನಲ್ಲಿ ಹೋಗುವಾಗ ಮುತ್ತುಗ ಬೆಂಕಿ ಹಚ್ಚಿದ ಹಾಗೆ ಕಾಣಬೇಕು. ಅರಳಿ ಮರದಲ್ಲಿ ತಾಮ್ರದ ಬಣ್ಣದ ಚಿಗುರು. ಆಮೇಲೆ ಕೋಗಿಲೆ. ಚಳಿಗಾಲವಿಡೀ ಬಾಯಿ ಮುಚ್ಚಿಕೊಂಡಿದ್ದದ್ದು ಒಂದು ದಿನ ಬೆಳಗಿನ ಜಾವ ಐದಕ್ಕೆ ಎಬ್ಬಿಸಿಬಿಡುತ್ತದೆ. ನಿದ್ದೆ ಹಾಳಾಯಿತು ಅಂತ ಬೈದುಕೊಂಡರೂ ಪರವಾಗಿಲ್ಲ, ಅವತ್ತೇ ಎದ್ದು ಬೆಂಡೆ ಬೀಜ ನೆನೆ ಹಾಕಿ.

ಒಂದು ಮರವನ್ನು ಮಾತ್ರ ನಂಬಬೇಡಿ, ಗುಲಾಬಿ ಬಣ್ಣದ ಟಬೇಬುಯಾ. ಫೋಟೋಗೆ ಚೆನ್ನ. ಆದರೆ ಬೆಂಗಳೂರಿನಲ್ಲಿ ಅದು ಕೆಲವು ವರ್ಷ ನವೆಂಬರ್‌ನಲ್ಲೇ ಹೂ ಬಿಟ್ಟು ಕೂತಿರುತ್ತದೆ. ಅಷ್ಟಕ್ಕೂ ಅದು ಅಮೆರಿಕ ಖಂಡದಿಂದ ಬಂದ ಮರ, ನಮ್ಮ ಹೊಂಗೆಯ ಶಿಸ್ತು ಅದಕ್ಕಿಲ್ಲ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು ಅಂತ ಓದಿದ್ದೇವಲ್ವಾ, ಅದರ ಲಾಭ ನಮಗೆ ಇದು. ವರ್ಷದ ಯಾವ ತಿಂಗಳಲ್ಲೂ ಬೀದಿಯಲ್ಲಿ ಯಾವುದೋ ಒಂದು ಮರ ಏನೋ ಒಂದು ಹೇಳುತ್ತಿರುತ್ತದೆ.

ಬೇರೆ ಕಡೆಯವರು ಲೆಕ್ಕ ಸ್ವಲ್ಪ ಬದಲಿಸಿಕೊಳ್ಳಿ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಅಲ್ಲಿಯವರು ನಾನು ಹೇಳಿದ್ದಕ್ಕಿಂತ ಮೂರು ವಾರ ಮುಂಚೆಯೇ ಶುರು ಮಾಡಬೇಕು. ಕೊಡಗು, ಚಿಕ್ಕಮಗಳೂರಿನವರಿಗೆ ಹೂಮಳೆ ಇದೆ. ಆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬಿಳಿ, ಅವರಿಗೆ ನನ್ನ ಸಲಹೆಯ ಅಗತ್ಯವೇ ಇಲ್ಲ.

2. ಉದುರಿದ ಎಲೆಯನ್ನು ಯಾರಿಗೂ ಕೊಡಬೇಡಿ

ಬೆಂಕಿ ಹಚ್ಚುವವರಿಗಂತೂ ಕೊಡಲೇಬೇಡಿ. ನಾಲ್ಕು ಗೋಣಿಚೀಲ ತನ್ನಿ. ಎರಡರಲ್ಲಿ ಒಣ ಎಲೆಯನ್ನು ಹಾಗೇ ತುಂಬಿಡಿ, ಇದು ಮಾರ್ಚ್‌ನಿಂದ ಗಿಡದ ಬುಡಕ್ಕೆ ಹೊದಿಸಲು. ಇನ್ನೆರಡರಲ್ಲಿ ಎಲೆಯನ್ನು ಕಾಲಿನಿಂದ ತುಳಿದು ಪುಡಿ ಮಾಡಿ, ಒಂದು ಚೊಂಬು ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಹಾಕಿ, ಬಾಯಿ ಕಟ್ಟಿ ಮೂಲೆಯಲ್ಲಿ ನೆರಳಿಗಿಡಿ. ವಾರಕ್ಕೊಮ್ಮೆ ನೀರು ಚಿಮುಕಿಸಿ. ಮಳೆಗಾಲ ಅರ್ಧ ಮುಗಿಯುವಷ್ಟರಲ್ಲಿ ಕಪ್ಪಗೆ, ಕಾಡಿನ ಮಣ್ಣಿನ ವಾಸನೆಯ ಗೊಬ್ಬರ ಆಗಿರುತ್ತದೆ. ಹಿಂದೆ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರು, ಅದರ ಹಿಂಡಿಯನ್ನೂ ಗೊಬ್ಬರವಾಗಿ ಹಾಕುತ್ತಿದ್ದರು. ಈಗ ಅದೇ ಎಲೆಯನ್ನು ಕಸದ ಗಾಡಿಗೆ ಹಾಕಿ, ಅಂಗಡಿಯಿಂದ ದುಡ್ಡು ಕೊಟ್ಟು ಗೊಬ್ಬರ ತರುತ್ತೇವೆ.

3. ನೆರಳು ಎಲ್ಲಿ ಬೀಳುತ್ತದೆ ಅಂತ ಅಳೆಯಿರಿ

ಇದನ್ನು ಯಾರೂ ಹೇಳುವುದಿಲ್ಲ, ನಾನು ಎರಡು ವರ್ಷ ಕಳೆದುಕೊಂಡು ಕಲಿತೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರಕ್ಕೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ತಾರಸಿಯ ದಕ್ಷಿಣದ ಕಡೆ 10 ಅಡಿ ಗೋಡೆ ಇದ್ದರೆ ಅದರ ನೆರಳು ನಡು ಮಧ್ಯಾಹ್ನವೂ ಉತ್ತರಕ್ಕೆ 7 ಅಡಿ ಬಿದ್ದಿರುತ್ತದೆ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ, ಆ ನೆರಳು ಸೊನ್ನೆ. ಅಂದರೆ ಜನವರಿಯಲ್ಲಿ "ಇಲ್ಲಿ ತಂಪಾಗಿದೆ, ಸೊಪ್ಪು ಹಾಕೋಣ" ಅಂತ ಆರಿಸಿದ ಜಾಗ ಏಪ್ರಿಲ್‌ನಲ್ಲಿ ರೊಟ್ಟಿ ಹೆಂಚು.

ಅದಕ್ಕೆ ಹೀಗೆ ಮಾಡಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಎರಡರ ಮೇಲೆ ಪಶ್ಚಿಮದ ಗೋಡೆಯದೋ ನೀರಿನ ಟ್ಯಾಂಕಿನದೋ ನೆರಳು ಬರುವ ಜಾಗ ಹುಡುಕಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಸೊಪ್ಪಿಗೆ ಮೂರು ನಾಲ್ಕು ಸಾಕು. ಪಶ್ಚಿಮದ ಬಿಸಿಲು ಮಾತ್ರ ಬೀಳುವ ಬಾಲ್ಕನಿಯಾದರೆ ಬಸಳೆ, ಒಂದೆಲಗ, ದೊಡ್ಡಪತ್ರೆ ಇಟ್ಟುಕೊಂಡು ಸುಮ್ಮನಿರಿ.

4. ಮಣ್ಣು, ಚೀಲ, ಮತ್ತು ಮೊದಲು ನೀರಿನ ಲೆಕ್ಕ

ಉತ್ಸಾಹದಲ್ಲಿ 40 ಗ್ರೋ ಬ್ಯಾಗ್ ತರುವವರನ್ನು ನೋಡಿದ್ದೇನೆ. 20 ಲೀಟರ್‌ನ ಒಂದು ಚೀಲ ಏಪ್ರಿಲ್‌ನಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಕುಡಿಯುತ್ತದೆ. 40 ಚೀಲಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು, ನೆನಪಿದೆಯಾ? ಆ ವರ್ಷ ನನ್ನ ಗಿಡ ಉಳಿದಿದ್ದು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲಿ. ಅಡುಗೆಮನೆಯ ಸಿಂಕಿನ ಪಕ್ಕ ಒಂದು ಬಕೆಟ್ ಇಟ್ಟು ಒಂದು ವಾರ ಅಳೆಯಿರಿ. ದಿನಕ್ಕೆ 15 ಲೀಟರ್ ಸಿಕ್ಕಿದರೆ 10 ಚೀಲ ಇಡಿ. ಅಷ್ಟೇ. ಸೋಪಿನ ನೀರು ಬೇಡ.

ಮಣ್ಣಿನ ಲೆಕ್ಕ ಸುಲಭ. ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. 20 ಲೀಟರ್ ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ನಾರಿನ ಪುಡಿ, ಅಂದರೆ ಅಂಗಡಿಯವರು ಕೋಕೋಪೀಟ್ ಅನ್ನುವುದು, 5 ಕೆಜಿ ಇಟ್ಟಿಗೆಯ ರೂಪದಲ್ಲಿ ಸಿಗುತ್ತದೆ. ನೀರಲ್ಲಿ ನೆನೆಸಿದರೆ 60 ಲೀಟರಿಗೂ ಜಾಸ್ತಿ ಉಬ್ಬುತ್ತದೆ. ಮೊದಲ ಸಲ ನಾನು ಒಂದು ಬಕೆಟ್‌ನಲ್ಲಿ ನೆನೆಸಲು ಹೋಗಿ ಬಚ್ಚಲೆಲ್ಲ ನಾರು ಮಾಡಿದ್ದೆ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಎರಡು ಸಲ ನೀರು ಬಸಿದು ಹಿಂಡಿ ಬಳಸಿ. ರೆಡಿ ಮಿಶ್ರಣ ಅಂತ ಮಾರುವುದನ್ನು ಕೊಳ್ಳುವುದಾದರೆ ಚೀಲ ಬಿಚ್ಚಿ ಕೈ ಹಾಕಿ ನೋಡಿ. ಒಂದು ನರ್ಸರಿಯವರು ನನಗೆ ಕೊಟ್ಟ ಚೀಲದಲ್ಲಿ ಅರ್ಧ ಕಟ್ಟಡ ಒಡೆದ ಪುಡಿ ಇತ್ತು.

ಸೊಪ್ಪಿಗೆ 8 ಇಂಚು ಆಳ ಸಾಕು, ಅಗಲ ಜಾಸ್ತಿ ಇರಲಿ. ಬೆಂಡೆ, ಬದನೆ, ಮೆಣಸಿನಕಾಯಿಗೆ 12 ಇಂಚು, ಟೊಮೆಟೊಗೆ 15. ಬಳ್ಳಿಗೆ ಇನ್ನೂ ದೊಡ್ಡದು, ಖಾಲಿ 20 ಲೀಟರ್ ಪೇಂಟ್ ಬಕೆಟ್ ಆದರೂ ನಡೆಯುತ್ತದೆ, ತೊಳೆದು ತಳಕ್ಕೆ ಆರೇಳು ತೂತು ಹಾಕಿ. ಒದ್ದೆ ಮಣ್ಣಿನ ಒಂದು ಬಕೆಟ್ 20 ಕೆಜಿಗೂ ಮೇಲೆ ತೂಗುತ್ತದೆ. ಆದ್ದರಿಂದ ತಾರಸಿಯ ನಡುವೆ ಗುಂಪು ಹಾಕಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲಿಡಿ, ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಮೂಡಿದರೆ ನಿಮ್ಮ ತೋಟ ಅವತ್ತೇ ಬಂದ್.

ತುಂಬಿದ ಚೀಲಕ್ಕೆ ನೀರು ಹಾಕಿ ಹತ್ತು ದಿನ ಹಾಗೇ ಬಿಡಿ. ಗೊಬ್ಬರದ ಬಿಸಿ ಇಳಿಯುತ್ತದೆ, ಕಳೆ ಬೀಜ ಇದ್ದರೆ ಮೊಳೆತು ಕಾಣಿಸುತ್ತದೆ, ಕಿತ್ತು ಹಾಕಬಹುದು.

5. ಏನು ಹಾಕಬೇಕು, ಯಾವಾಗ

ಬೀಜ ಹಳೆಯದಾಗಿದ್ದರೆ ಹತ್ತನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಡಿ. ಆರಕ್ಕಿಂತ ಕಡಿಮೆ ಮೊಳೆತರೆ ಹೊಸದು ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ "ಅರ್ಕಾ" ಹೆಸರಿನ ತಳಿಗಳು ಮನೆ ತೋಟಕ್ಕೆ ಚೆನ್ನಾಗಿ ಒಗ್ಗುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ದಂಟಿನಲ್ಲಿ ಅರ್ಕಾ ಸುಗುಣ, ಟೊಮೆಟೊದಲ್ಲಿ ಅರ್ಕಾ ರಕ್ಷಕ್. ರಕ್ಷಕ್ ಹೈಬ್ರಿಡ್, ಅದರ ಹಣ್ಣಿನಿಂದ ಬೀಜ ಎತ್ತಿಟ್ಟುಕೊಂಡರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದವರು ಪರಿಚಯದ ರೈತರಿಂದ ನಾಟಿ ಬೀಜ ಕೇಳಿ ತನ್ನಿ.

ಟೊಮೆಟೊ, ಬದನೆ, ಮೆಣಸಿನಕಾಯಿ: ಈ ಮೂರಕ್ಕೆ ಸಂಕ್ರಾಂತಿ ಮುಗಿದ ಕೂಡಲೇ ಒಟ್ಲು ಹಾಕಬೇಕು, ಅಂದರೆ ಮೊದಲು ಬೇರೆ ಕಡೆ ಬೀಜ ಬಿತ್ತಿ ಸಸಿ ಮಾಡಿಕೊಳ್ಳಬೇಕು. ಟೊಮೆಟೊ ಸಸಿ ನಾಟಿಗೆ ಬರಲು 25ರಿಂದ 30 ದಿನ, ಮೆಣಸಿನಕಾಯಿಗೆ 40ರ ತನಕ. ನೀವು ಇದನ್ನು ಶಿವರಾತ್ರಿ ಕಳೆದ ಮೇಲೆ ಓದುತ್ತಿದ್ದರೆ ಬೀಜದ ಆಸೆ ಬಿಡಿ, ನರ್ಸರಿಯಿಂದ ಸಸಿ ತನ್ನಿ. ಎತ್ತರದ ಸಸಿ ಆರಿಸಬೇಡಿ. ಕುಳ್ಳಗೆ, ಕಾಂಡ ದಪ್ಪಗೆ ಇರುವುದನ್ನು ಆರಿಸಿ. ಹೂವು ಬಿಟ್ಟಿರುವ ಸಸಿಯಂತೂ ಬೇಡವೇ ಬೇಡ. ಸಂಜೆ ನೆಡಿ.

ಬೆಂಡೆ: ಹೊಸಬರು ಇದರಿಂದಲೇ ಶುರು ಮಾಡಿ, ಬೇಸಿಗೆಗೆ ಹೇಳಿ ಮಾಡಿಸಿದ ಗಿಡ. ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಇಂಚು ಆಳದ ಗುಳಿಗೆ ಎರಡರಂತೆ ಹಾಕಿ. ಒಂದು ವಾರದೊಳಗೆ ಮೊಳಕೆ. ಎರಡರಲ್ಲಿ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ, ಕಿತ್ತರೆ ಪಕ್ಕದ್ದರ ಬೇರೂ ಅಲ್ಲಾಡುತ್ತದೆ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಮಾಡಿ. 45ರಿಂದ 50 ದಿನಕ್ಕೆ ಮೊದಲ ಕಾಯಿ. ಆಮೇಲೆ ದಿನ ಬಿಟ್ಟು ದಿನ ಕೀಳಲೇಬೇಕು, ಮೂರು ದಿನ ಊರಿಗೆ ಹೋಗಿ ಬಂದರೆ ಕಾಯಿ ಸೌದೆ. ಒಂದು ಹೊತ್ತಿನ ಪಲ್ಯಕ್ಕೆ ಸಾಲುವಷ್ಟು ಬೇಕೆಂದರೆ ಕನಿಷ್ಠ ಎಂಟು ಗಿಡ ಇರಬೇಕು. ಎರಡು ಗಿಡ ಹಾಕಿಕೊಂಡು ದಿನಕ್ಕೊಂದು ಕಾಯಿ ಫ್ರಿಜ್‌ನಲ್ಲಿ ಕೂಡಿಡುವವರು ನಮ್ಮ ಮನೆಯಲ್ಲೇ ಇದ್ದರು.

ಅಲಸಂದೆ ಮತ್ತು ಗೋರಿಕಾಯಿ (ಉತ್ತರದ ಕಡೆಯ ಚವಳಿಕಾಯಿ) ಕೂಡ ಬಿಸಿಲಿಗೆ ಬಗ್ಗುವುದಿಲ್ಲ. ಬೀಜ ನೇರವಾಗಿ ಊರಿ.

ಬಳ್ಳಿಗಳು: ಸೌತೆ, ಹೀರೆ, ಹಾಗಲ, ಸೋರೆ. ಇವಕ್ಕೆ ಒಟ್ಲು ಬೇಡ, ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ. ಇದ್ದಲ್ಲೇ ಬೀಜ ಹಾಕಿ. ಹಾಗಲದ ಬೀಜದ ಸಿಪ್ಪೆ ಗಟ್ಟಿ, ಒಂದು ದಿನ ಪೂರ್ತಿ ನೆನೆಸಿದರೂ ಮೊಳಕೆಗೆ ಎರಡು ವಾರ ಆಗಬಹುದು, ಅಗೆದು ನೋಡಬೇಡಿ. ಬೀಜ ಹಾಕುವ ದಿನವೇ ಚಪ್ಪರದ ಹಗ್ಗ ಕಟ್ಟಿಬಿಡಿ. ಆಮೇಲೆ ಕಟ್ಟೋಣ ಅಂದವರ ಸೋರೆ ಬಳ್ಳಿ ಪಕ್ಕದ ಮನೆಯ ಡಿಶ್ ಆಂಟೆನಾ ಹಿಡಿದಿರುತ್ತದೆ.

ಸೊಪ್ಪು: ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಚೆಲ್ಲಿದರೆ ಒಂದೇ ಕಡೆ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ಒಂದು ಲೋಟ ಮರಳು ಬೆರೆಸಿ ಚೆಲ್ಲಿ, ಅಂಚಿಗೆ ಸುತ್ತ ಒಲೆ ಬೂದಿ ಅಥವಾ ಅರಿಶಿನ ಹಾಕಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಹಿಡಿದು ಹೊತ್ತುಕೊಂಡು ಹೋಗಿರುತ್ತವೆ. 25 ದಿನಕ್ಕೆ ಸಾರಿಗೆ ಸಿದ್ಧ. ಮೆಂತ್ಯಕ್ಕೆ ಅಡುಗೆಮನೆ ಡಬ್ಬಿಯ ಕಾಳೇ ಸಾಕು. ಒಂದೇ ದಿನ ಎಲ್ಲ ಹಾಕಬೇಡಿ, ಹತ್ತು ದಿನಕ್ಕೊಂದು ಟ್ರೇ ಹಾಕಿದರೆ ಏಪ್ರಿಲ್ ಪೂರ್ತಿ ಸೊಪ್ಪು ಇರುತ್ತದೆ. ಕೊತ್ತಂಬರಿಗೆ ಮಾತ್ರ ಸೆಕೆ ಆಗುವುದಿಲ್ಲ, ಸೊಪ್ಪು ಕೊಡುವ ಬದಲು ಬೇಗ ಹೂವಿಗೆ ಬಂದುಬಿಡುತ್ತದೆ. ಮಾರ್ಚ್ ಮಧ್ಯದ ಮೇಲೆ ಹಾಕುವುದಾದರೆ ನೆರಳಲ್ಲಿಡಿ.

ಅವರೆ, ಬಟಾಣಿ, ಕ್ಯಾರೆಟ್, ಹೂಕೋಸು ಈಗ ಬೇಡ. ಪ್ಯಾಕೆಟ್ ಮೇಲೆ ವರ್ಷಪೂರ್ತಿ ಅಂತ ಬರೆದಿದ್ದರೂ ಬೇಡ. ಅವು ಚಳಿಯ ಬೆಳೆ.

ಹೂವಿಗೆ ದುಡ್ಡು ಖರ್ಚು ಮಾಡಬೇಡಿ. ದೇವರ ಫೋಟೋಗೆ ಹಾಕಿದ್ದ ಚೆಂಡು ಹೂವಿನ ಹಾರ ಒಣಗಿದೆಯಲ್ಲ, ಅದನ್ನು ಬಿಡಿಸಿ ಕಪ್ಪು ಕಡ್ಡಿಯಂಥ ಬೀಜ ಚೆಲ್ಲಿ. ಎರಡು ಚೆಂಡು ಗಿಡ ಇದ್ದರೆ ಜೇನುನೊಣ ದಾರಿ ಕೇಳಿಕೊಂಡು ಬರುತ್ತವೆ.

6. ಬಿಸಿಲು ಏರಿದ ಮೇಲೆ

ಹೊಂಗೆಯಲ್ಲಿ ಹೊಳೆಯುವ ಹೊಸ ಎಲೆ ಬಂದು, ಆಮೇಲೆ ಅದರ ಹೂವು ರಸ್ತೆ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಬೀಳಲು ಶುರುವಾದರೆ ನಿಮ್ಮ ಅವಕಾಶ ಮುಗಿಯಿತು ಅಂತ ಅರ್ಥ. ಇನ್ನು ಹೊಸದು ನೆಡುವುದು ನಿಲ್ಲಿಸಿ, ಇದ್ದದ್ದನ್ನು ಉಳಿಸಿಕೊಳ್ಳಿ. ಮೊದಲ ಚೀಲದಲ್ಲಿ ಎತ್ತಿಟ್ಟ ಒಣ ಎಲೆಯನ್ನು ಪ್ರತಿ ಗಿಡದ ಬುಡಕ್ಕೆ ಎರಡು ಇಂಚು ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಇದೊಂದೇ ಕೆಲಸದಿಂದ ನೀರು ಎಷ್ಟು ಉಳಿಯುತ್ತದೆ ಅಂತ ನೀವೇ ನೋಡುತ್ತೀರಿ. ನೀರು ಬೆಳಿಗ್ಗೆ ಎಂಟರೊಳಗೆ ಹಾಕಿ. ಮಧ್ಯಾಹ್ನ ಎಲೆ ಬಾಡಿದ್ದು ನೋಡಿ ಗಾಬರಿಯಾಗಬೇಡಿ, ಸಂಜೆ ಆರಕ್ಕೂ ಬಾಡಿದ್ದರೆ ಮಾತ್ರ ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಪೈಪ್ ಬಿಟ್ಟ ಕೂಡಲೇ ಮೊದಲು ಬರುವ ನೀರು ಕುದಿಯುತ್ತಿರುತ್ತದೆ, ಅದನ್ನು ಬಕೆಟ್‌ಗೆ ಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಿರಿ. ಹಸಿರು ನೆಟ್ ಕಟ್ಟುವುದಾದರೆ 50 ಪರ್ಸೆಂಟ್ ನೆರಳಿನದು ತನ್ನಿ, 75ರದ್ದು ತಂದರೆ ಬೆಂಡೆ ಬರೀ ಉದ್ದ ಬೆಳೆಯುತ್ತದೆ.

ಹುಳು ಬಂದೇ ಬರುತ್ತದೆ. ವಾರಕ್ಕೆರಡು ಸಲ ಎಲೆ ತಿರುಗಿಸಿ ಕೆಳಭಾಗ ನೋಡಿ. ಹೇನು, ಬಿಳಿ ನೊಣ ಕಂಡರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕಲಕಿ, ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೆಂಡೆ ಎಲೆಯ ನರಗಳೆಲ್ಲ ಹಳದಿಯಾದರೆ ಅದು ಬಿಳಿ ನೊಣ ಹರಡುವ ಹಳದಿ ನಂಜು ರೋಗ, ಔಷಧಿ ಇಲ್ಲ. ಅನಾಮಿಕ ಇದನ್ನು ತಡೆಯಲೆಂದೇ ಬೆಳೆಸಿದ ತಳಿ, ಆದರೂ ಪೂರ್ತಿ ನಂಬಿ ಕೂರಬೇಡಿ. ಆ ಗಿಡ ಕಿತ್ತು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಅಳಿಲಿಗೆ ನನ್ನ ಹತ್ತಿರ ಉಪಾಯ ಇಲ್ಲ. ಟೊಮೆಟೊ ಬಣ್ಣ ತಿರುಗಿದ ದಿನವೇ ಕಿತ್ತು ಮನೆಯೊಳಗೆ ಹಣ್ಣು ಮಾಡುತ್ತೇನೆ, ಅಷ್ಟೆ.

7. ಹೀರೆ ಹೂವಿಗೆ ಸಂಜೆ ಹೋಗಿ

ಬಳ್ಳಿಯಲ್ಲಿ ಹೂವು ಬರುತ್ತದೆ, ಕಾಯಿ ನಿಲ್ಲುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಬರುವುದು ಬರೀ ಗಂಡು ಹೂವು, ಒಂದೆರಡು ವಾರ ಕಾಯಿರಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯೇ ಇರುತ್ತದೆ, ಗುರುತು ಸುಲಭ. ನಾಲ್ಕನೇ ಮಹಡಿಗೆ ಜೇನುನೊಣ ಬರದಿದ್ದರೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ನೀವೇ ಸವರಬೇಕು. ಸೌತೆ, ಹಾಗಲ, ಕುಂಬಳಕ್ಕೆ ಇದನ್ನು ಬೆಳಿಗ್ಗೆಯೇ ಮಾಡಬೇಕು. ಹೀರೆ, ಸೋರೆ ಹೂವು ಅರಳುವುದು ಸಂಜೆ. ಎರಡು ವರ್ಷ ನಾನು ಬೆಳಿಗ್ಗೆ ಏಳಕ್ಕೆ ಬಾಡಿದ ಹೀರೆ ಹೂವು ಹಿಡಿದುಕೊಂಡು ಒದ್ದಾಡಿದ್ದೆ. ಈಗ ಸಂಜೆ ಆಫೀಸಿನಿಂದ ಬಂದು, ಚಪ್ಪಲಿ ಬಿಡುವ ಮೊದಲೇ ತಾರಸಿಗೆ ಹೋಗುತ್ತೇನೆ.

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಶುರು, ಕೊನೆಯ ವಾರ ಭರಣಿ. ಮೊದಲ ಮಳೆ ಸುಮ್ನೆ ಬರುವುದಿಲ್ಲ, ಗಾಳಿ ಎಬ್ಬಿಸಿಕೊಂಡು, ಕೆಲವು ಸಲ ಆಲಿಕಲ್ಲು ತೆಗೆದುಕೊಂಡು ಬರುತ್ತದೆ. ಅಷ್ಟರೊಳಗೆ ಟೊಮೆಟೊಗೆ ಕೋಲು ಕೊಟ್ಟಿರಿ, ಚಪ್ಪರದ ಹಗ್ಗ ಇನ್ನೊಂದು ಸುತ್ತು ಬಿಗಿ ಮಾಡಿ, ಬಕೆಟ್‌ಗಳ ತೂತು ಕಟ್ಟಿದೆಯಾ ಅಂತ ಕಡ್ಡಿ ಹಾಕಿ ನೋಡಿ. ತಾರಸಿಯ ನೀರು ಹೋಗುವ ಕಿಂಡಿಯಲ್ಲಿ ಎಲೆ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಆ ಎಲೆಯನ್ನೂ ಎಸೆಯಬೇಡಿ, ಮೂಲೆಯ ಚೀಲಕ್ಕೆ ಹಾಕಿ.